ಗೋಡೆ ತಟ್ಟಿ ನೋಡಿದವನು

ನಾನು ಗೋಡೆ ಕೊಯ್ಯುವವನು. ಮೂವತ್ತೊಂದು ವರ್ಷದಿಂದ ಇದೇ ಕಸುಬು. ನಮ್ಮ ಬಾನಾತ್ ಬಯಲಿನಲ್ಲಿ ಎರಡು ಗುದ್ದಲಿ ಅಗೆದರೆ ನೀರು ಸಿಗುತ್ತದೆ, ಕಲ್ಲು ಮಾತ್ರ ಸ್ಮಶಾನ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ. ಅಜ್ಜಂದಿರು ಬುಡಕ್ಕೆ ಏನೂ ಹಾಕದೆ ಮನೆ ಕಟ್ಟಿ ಹೋದರು. ಆ ಮನೆಗಳು ನೂರು ವರ್ಷದಿಂದ ಕಾಲಿನಲ್ಲೇ ನೀರು ಕುಡಿಯುತ್ತ ನಿಂತಿವೆ. ನಾನು ಹೋಗಿ ನೆಲದಿಂದ ಒಂದು ಗೇಣು ಮೇಲೆ ಗೋಡೆಯನ್ನು ಅಡ್ಡಡ್ಡ ಕೊಯ್ದು, ಆ ಸೀಳಿನೊಳಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ ತೂರಿಸಿ, ಬೆಣೆ ಬಡಿದು, ಮುಂದಿನ ಮೀಟರಿಗೆ ಸರಿಯುತ್ತೇನೆ. ಕೆಳಗಿನ ತೇವ ಕೆಳಗೇ ಉಳಿಯುತ್ತದೆ.

ಈಗೀಗ ಪೇಟೆಯಿಂದ ಬಗೆಬಗೆಯ ಜನ ಬರುತ್ತಾರೆ. ಒಬ್ಬ ಗೋಡೆಗೆ ಸಣ್ಣ ಪೆಟ್ಟಿಗೆ ನೇತು ಹಾಕಿ, ಹಸಿರು ದೀಪ ಮಿಣಮಿಣ ಅನ್ನಿಸಿ, ತೇವ ತಾನಾಗಿ ಇಳಿದುಹೋಗುತ್ತದೆ ಅನ್ನುತ್ತಾನೆ. ಇನ್ನೊಬ್ಬ ಗೋಡೆಗೆ ತೂತು ಕೊರೆದು ಔಷಧಿ ಚುಚ್ಚುತ್ತಾನೆ. ಮತ್ತೊಬ್ಬ ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿ ಮೇಲೆ ಕಾಂಕ್ರೀಟು ಸುರಿಯುತ್ತಾನೆ. ಇವರ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ. ಗಿರಾಕಿಗಳು ಯಾವುದು ಒಳ್ಳೆಯದು ಅಂತ ಕೇಳಿದರೆ ನನ್ನದು ಒಂದೇ ಉತ್ತರ, ಮೊದಲು ಗೋಡೆಯನ್ನು ಕೇಳು. ನಾನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಸದ್ದಿನಲ್ಲೇ ಇಟ್ಟಿಗೆಯೋ, ಹಸಿ ಇಟ್ಟಿಗೆಯೋ, ದಿಮ್ಮಿಸಿ ಕಟ್ಟಿದ ಮಣ್ಣೋ ಗೊತ್ತಾಗುತ್ತದೆ. ಸುತ್ತಲಿನ ಏಳು ಊರಲ್ಲಿ ಯಾರೇ ಮನೆ ಕೊಳ್ಳುವುದಿದ್ದರೂ, ತೋಶಾ ಮೇಸ್ತ್ರಿ ತಟ್ಟಿ ನೋಡಿದನಾ ಅಂತ ಕೇಳುತ್ತಾರೆ. ಕೇಳುತ್ತಿದ್ದರು.

ನನ್ನ ಮಗಳು ದುನ್ಯಾ ಮನೆ ಕೊಂಡದ್ದೂ ನಾನು ತಟ್ಟಿದ್ದರ ಮೇಲೆ. ಅವಳು ಮದುವೆಯ ಉಡುಪು ಹೊಲಿಯುತ್ತಾಳೆ. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಬಿಳಿ ಬಟ್ಟೆಗೆ ಎಣ್ಣೆ ಹೊಗೆ ತಾಗುತ್ತದೆ, ಬೀದಿಗೆ ಕಿಟಕಿ ಇರುವ ಮುಂದಿನ ಕೋಣೆಯೊಂದು ಬೇಕು ಅನ್ನುವುದು ಅವಳ ಆಸೆ. ಗಂಡ ಲೆಹೆಲ್ ಹಂಗೇರಿಯವರ ಹುಡುಗ, ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಇಬ್ಬರ ಕೈಯಲ್ಲಿದ್ದದ್ದೆಲ್ಲ ಆ ಒಂದು ಮನೆಗೆ ಹೋಗುವುದಿತ್ತು. ಹಾಗಾಗಿ ಮಾರ್ಚಿನಲ್ಲಿ ನನ್ನನ್ನು ಕರೆದುಕೊಂಡು ಹೋದರು.

ಉದ್ದನೆಯ ಹಳೇ ಮನೆ. ಹೊರಗೆ ಕೆಂಪು ಇಟ್ಟಿಗೆ, ಅಚ್ಚುಕಟ್ಟಾದ ಸಂದುಗಳು. ಮಾರುವವನು ಅಂಗಳದ ಮೇಜಿನ ಮೇಲೆ ಏಪ್ರಿಕಾಟ್ ಹಣ್ಣಿನ ಸಾರಾಯಿ ರಾಕಿಯಾ, ಹುರಿದ ಹಂದಿಕೊಬ್ಬು, ಈರುಳ್ಳಿ ಎಲ್ಲ ಇಟ್ಟಿದ್ದ. ನಾನು ಹೊರಗೆ ಮೂರು ಕಡೆ ತಟ್ಟಿದೆ. ಒಳಗೆ ಅಡುಗೆಕೋಣೆಯಲ್ಲಿ ಒಂದು ಕಡೆ ತಟ್ಟಿದೆ. ಎಲ್ಲಾ ಕಡೆ ಇಟ್ಟಿಗೆಯ ಸದ್ದು ಖಣ್ಣನೆ ಬಂತು. ಮುಂದಿನ ಕೋಣೆಯ ಗೋಡೆಗೆ ಉದ್ದಕ್ಕೂ ಬೀರುಗಳನ್ನು ಒತ್ತಿ ಇಟ್ಟಿದ್ದರು.

ಲೆಹೆಲ್ ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಚಾಚಿ ಅಳತೆ ನೋಡುತ್ತಿದ್ದ. "ಮಾವ, ಈ ಗೋಡೆ ತುಂಬಾ ದಪ್ಪ ಇದೆಯಲ್ಲ. ಅರವತ್ತು ಸೆಂಟಿಮೀಟರ್ ಮೇಲೇ ಇದೆ. ಒಳಗೆ ಮಣ್ಣಿದ್ದು ಹೊರಗೆ ಇಟ್ಟಿಗೆ ಹೊದಿಸಿರಬಹುದಾ? ನಮ್ಮ ಏಟೆಲ್ ಅಜ್ಜಿ ಊರಲ್ಲಿ ಹಾಗೇ ಮಾಡ್ತಾರೆ. ಬೀರು ಸರಿಸಿ ಮೊಣಕಾಲ ಹತ್ರ ಒಂಚೂರು ಗಾರೆ ಕೆತ್ತಿ ನೋಡೋಣ್ವಾ?"

"ಅಳಿಯಂದಿರೇ, ನೀವು ಹಾಲು ತಟ್ಟಿ ನೋಡಿ, ಕೆಟ್ಟಿದೆಯೋ ಇಲ್ವೋ ಅಂತ. ಗೋಡೆ ನನಗೆ ಬಿಡಿ" ಅಂದೆ.

ಮಾರುವವನು ನಕ್ಕ. ದುನ್ಯಾ ಕೂಡ ನಕ್ಕಳು. ಲೆಹೆಲ್ ಕಿವಿ ಕೆಂಪು ಮಾಡಿಕೊಂಡು ಕಿಟಕಿಯಿಂದ ಮೊಣಕೈ ತೆಗೆದ. ನಾನು ಮೂರನೇ ಲೋಟ ಎತ್ತಿ, "ಒಳ್ಳೇ ಇಟ್ಟಿಗೆ. ಬುಡದಲ್ಲಿ ತೇವ ಇದೆ, ಅದನ್ನ ನಾನು ಕೊಯ್ದು ಕೊಡ್ತೀನಿ. ತಗೋ ಮಗಳೇ" ಅಂದೆ. ಹೊರಗೆ ಬೆಡಗಿಗೆ ಇಟ್ಟಿಗೆ ಹೊದಿಸಿದ ಮಣ್ಣಿನ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಇಟ್ಟಿಗೆ ಮನೆ ಅಂದರೆ ಹುಡುಗನಿಗೆ ಹೆಣ್ಣು ಸಿಗುತ್ತಿದ್ದ ಕಾಲವೊಂದಿತ್ತು. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದರೂ ಅಳಿಯನ ಬಾಯಿಂದ ಅದು ಬಂತಲ್ಲ, ನನಗೆ ಅಷ್ಟೇ ಸಾಕಾಯಿತು.

ಆಗಸ್ಟಿನ ಒಂದು ಮಂಗಳವಾರ ಕೊಯ್ಯಲು ಹೋದೆ. ಮುಂದಿನ ಕೋಣೆಯ ಸಾಮಾನನ್ನೆಲ್ಲ ಅವರು ಅಡುಗೆಕೋಣೆಗೆ ಸಾಗಿಸಿದ್ದರು, ಮಲಗುವುದೂ ಅಲ್ಲೇ. ಬೀರುಗಳಿದ್ದ ಜಾಗದಲ್ಲಿ ಗಾರೆ ಎದೆಮಟ್ಟದವರೆಗೆ ಕಪ್ಪಾಗಿ, ಬುಡದಲ್ಲಿ ಉಪ್ಪು ಹೂವು ಬಿಟ್ಟಿತ್ತು.

"ಮಾವ, ಸಿಟ್ಟು ಮಾಡ್ಕೋಬೇಡಿ. ಈಗ ಬೀರೂ ಇಲ್ಲ. ಒಂದೇ ಒಂದು ಕಡೆ ಕೆತ್ತಿ ನೋಡಿ ಆಮೇಲೆ ಶುರು ಮಾಡೋಣ" ಅಂದ ಲೆಹೆಲ್.

"ನಿಮ್ಮ ಅಜ್ಜಿಗೆ ಫೋನ್ ಮಾಡಿ ಅಪ್ಪಣೆ ತಗೊಂಡ್ಯಾ?"

"ಅಜ್ಜಿ ಹೇಳಿದ್ದು ಅದೇ. ಮಣ್ಣಿನ ಗೋಡೆನ ಗರಗಸ ಹಾಕಿ ಕೊಯ್ಯೋ ಹಾಗಿಲ್ಲ, ಬೆಣೆ ನಿಲ್ಲಲ್ಲ. ಸ್ವಲ್ಪ ಸ್ವಲ್ಪ ಅಗೆದು ಅಡಿಯಿಂದ ಇಟ್ಟಿಗೆ ಕಟ್ಕೊಂಡು ಬರಬೇಕಂತೆ."

"ಇದು ಇಟ್ಟಿಗೆ ಅಂತ ಹೇಳಿ ಐದು ತಿಂಗಳಾಯ್ತು. ಹೋಗು, ವ್ಯಾನಿಂದ ಹಲಗೆ ಇಳಿಸು."

ಅವನು ಹೋದ. ನಾನು ಹೊರಗಿನಿಂದ, ಕಿಟಕಿಯ ಕೆಳಗೆ, ಸರಪಳಿ ಗರಗಸದ ಯಂತ್ರ ಹಚ್ಚಿದೆ. ಸರಪಳಿ ಸಂದಿನೊಳಗೆ ಇಳಿಯಿತು, ಕೆಂಪು ಹುಡಿ ಎರಚತೊಡಗಿತು. ಆ ಕೆಂಪು ಹುಡಿ ಮೂಗಿಗೆ ಬಿದ್ದರೆ ನನಗೆ ಖುಷಿ, ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಅರ್ಧ ಇಟ್ಟಿಗೆಯಷ್ಟು ಆಳ ಹೋಗಿರಬೇಕು, ಯಂತ್ರದ ಸದ್ದು ಬದಲಾಯಿತು. ಭಾರವೇ ಇಲ್ಲದಂತೆ ಸರಪಳಿ ಒಳಗೆ ಜಾರಿತು. ಕೆಂಪು ಹುಡಿ ನಿಂತು ಹಳದಿ ಬಂತು. ಅದು ಹುಡಿಯೂ ಆಗಿರಲಿಲ್ಲ, ಗಂಜಿಯ ಹಾಗೆ ತೊಟ್ಟಿಕ್ಕುವ ಕೆಸರು. ಬೆರಳಿಗೆ ತಗೊಂಡು ನೋಡಿದೆ. ಗೋಧಿ ಹೊಟ್ಟಿನ ಎಳೆಗಳು.

ಅಲ್ಲೇ ಯಂತ್ರ ನಿಲ್ಲಿಸಿ, ಲೆಹೆಲ್ ಅಂತ ಕೂಗಿದ್ದರೆ ಮುಗಿದುಹೋಗುತ್ತಿತ್ತು. ಒಂದು ಮೀಟರಿನ ತಪ್ಪು, ಅರ್ಧ ದಿನದಲ್ಲಿ ಸರಿ ಮಾಡಬಹುದಿತ್ತು. ವ್ಯಾನಿನ ಬಾಗಿಲು ಬಡಿದ ಸದ್ದು ಕೇಳಿತು, ಅವನು ಬರುತ್ತಿದ್ದ. ನಾನು ಮಾಡಿದ್ದೇನು ಗೊತ್ತೇ? ಬೂಟಿನಿಂದ ಕೆಂಪು ಹುಡಿಯನ್ನು ಎಳೆದು ಹಳದಿ ಕೆಸರಿನ ಮೇಲೆ ಮುಚ್ಚಿದೆ. ಬೆಕ್ಕು ಮಾಡುವ ಹಾಗೆ.

ಆ ಒಂದು ಮೀಟರನ್ನು ಕೊಯ್ದು ಹಲಗೆ ತೂರಿಸಿದೆ. ಬೆಣೆ ಬಡಿದರೆ ಹೊರಗಿನ ಇಟ್ಟಿಗೆಯಲ್ಲಿ ಮಾತ್ರ ಬಿಗಿಯಾಗುತ್ತಿತ್ತು, ಒಳಗಿನ ಬೆಣೆಗಳು ಹಸಿ ಬ್ರೆಡ್ಡಿನಲ್ಲಿ ಹೋದ ಹಾಗೆ ಹೋದವು. ಒಂದರ ಮೇಲೆ ಒಂದು ಬಡಿದೆ, ಅವು ಎಲ್ಲಿ ಹೋದವೋ ಗೊತ್ತಿಲ್ಲ. "ಸರಪಳಿ ಮೊಂಡಾಗಿದೆ. ಹೊಸದು ತರಿಸ್ಬೇಕು. ಇವತ್ತಿಗೆ ಸಾಕು" ಅಂದೆ. ಲೆಹೆಲ್ ಸರಪಳಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಸರಿ ಮಾವ ಅಂದ.

ಮಾರನೇ ಬೆಳಿಗ್ಗೆ ದುನ್ಯಾ ಫೋನ್ ಮಾಡಿದಳು. ಕಿಟಕಿಯ ಮೇಲಿನ ಮೂಲೆಯಿಂದ ಸೂರಿನ ಕಡೆಗೆ ಕೂದಲೆಳೆ ಬಿರುಕು. ಹೋಗಿ ನೋಡಿ, "ಗೋಡೆ ಹೊಸ ಹಲಗೆ ಮೇಲೆ ಕೂತ್ಕೋತಿದೆ ಅಷ್ಟೇ, ಎಲ್ಲಾ ಮನೇಲೂ ಆಗುತ್ತೆ" ಅಂದೆ. ಅದು ಅರ್ಧ ನಿಜ. ಲೆಹೆಲ್ ಅಷ್ಟರಲ್ಲಿ ಜಿಪ್ಸಮ್ ಕಲಸಿಕೊಂಡು ಬಂದಿದ್ದ. ಬಿರುಕಿನ ಮೇಲೆ ಅಡ್ಡಲಾಗಿ ಎರಡು ಬೆರಳಗಲದ ಪಟ್ಟಿ ಬಳಿದು ತಾರೀಖು ಬರೆಯುವುದು ನಮ್ಮ ಕಸುಬಿನ ಪದ್ಧತಿ. ಗೋಡೆ ಅಲುಗಿದರೆ ಪಟ್ಟಿ ಒಡೆಯುತ್ತದೆ. ಅಲುಗದಿದ್ದರೆ ಹಾಗೇ ಇರುತ್ತದೆ. ಮೇಸ್ತ್ರಿಯೂ ಮನೆಯವನೂ ಜಗಳವಾಡುತ್ತಿದ್ದರೂ ಆ ಪಟ್ಟಿಯನ್ನು ಇಬ್ಬರೂ ಮುಟ್ಟುವುದಿಲ್ಲ. ಇದನ್ನು ಲೆಹೆಲ್‌ಗೆ ಕಲಿಸಿದವನೇ ನಾನು. ದುನ್ಯಾ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಅದರ ಮೇಲೆ ತಾರೀಖು ಬರೆದಳು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಟೊಮೆಟೊ ಕೊಡುವ ನೆಪದಲ್ಲಿ ಹೋದೆ. ಮಧ್ಯಾಹ್ನ ಕರಣೆ ಮರೆತೆ ಅಂತ ಹೋದೆ. ಮರೆಯಲೆಂದೇ ಬಿಟ್ಟು ಬಂದಿದ್ದ ಕರಣೆ ಅದು. ಬೇರೆ ಕಡೆ ಒಪ್ಪಿಕೊಂಡ ಕೆಲಸದಲ್ಲಿ ಯಂತ್ರ ಹಚ್ಚಿದರೆ ಕೆಂಪು ಹುಡಿ ಬರುತ್ತಿದೆಯೋ ಇಲ್ಲವೋ ಅಂತ ಪ್ರತಿ ನಿಮಿಷ ಬಗ್ಗಿ ನೋಡುತ್ತಿದ್ದೆ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಎದ್ದು ಅಂಗಳ ಸುತ್ತುತ್ತಿದ್ದೆ.

"ಏನು ತೋಶಾ, ಚಡ್ಡಿಯೊಳಗೆ ಇರುವೆ ಬಿಟ್ಕೊಂಡಿದೀಯಾ?" ಅಂದಳು ಹೆಂಡತಿ ಯಗೋದಾ. "ದಿನಾ ಮಗಳ ಮನೆಗೆ ಓಡ್ತಿದೀಯಲ್ಲ. ಹೊಸದಾಗಿ ಮದುವೆಯಾದವರು, ಬಾಗಿಲು ತಟ್ಟದೆ ನುಗ್ಗಬೇಡ."

"ಗೋಡೆ ನೋಡೋಕೆ ಹೋಗೋದು."

"ಗೋಡೆ ಓಡಿ ಹೋಗುತ್ತಾ?"

ಓಡಿ ಹೋಗುವುದಿಲ್ಲ, ಕೂರುತ್ತಿದೆ ಅಂತ ಹೇಳಬೇಕಿತ್ತು.

ಸೋಮವಾರ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಲೆಹೆಲ್ ಹಾಲಿನ ಪಾಳಿಗೆ, ದುನ್ಯಾ ಲೇಸು ತರಲು ಪೇಟೆಗೆ ಹೋಗಿದ್ದರು. ಕೀಲಿ ಎಲ್ಲಿಡುತ್ತಾರೆ ಅಂತ ನನಗೆ ಗೊತ್ತು. ಒಳಗೆ ಹೋಗಿ ಪಟ್ಟಿ ನೋಡಿದೆ. ಸರಿಯಾಗಿ ನಡುವೆ ಒಡೆದಿತ್ತು, ತಾರೀಖಿನ ಎರಡು ಅಂಕಿಗಳ ಮಧ್ಯೆ. ಉಗುರು ತೂರುವಷ್ಟು.

ಹೊರಗೆ ಬಂದು ಸೀಳಿನೊಳಗೆ ಇಟ್ಟಿಗೆ ಚೂರು, ಸಿಮೆಂಟು ತುರುಕಲು ನೋಡಿದೆ. ಒಂದು ಚೂರು ಒತ್ತಿದರೆ ಒಂದು ಹಿಡಿ ಹಳದಿ ಮಣ್ಣು ಕೈಗೆ ಬಂತು. ಇನ್ನೊಂದು ಒತ್ತಿದೆ, ಇನ್ನೊಂದು ಹಿಡಿ. ಬೆವರು ಕಣ್ಣಿಗಿಳಿಯಿತು. ಬಿಟ್ಟೆ. ಆಮೇಲೆ ಒಳಗೆ ಹೋಗಿ, ಒಡೆದ ಪಟ್ಟಿಯನ್ನು ಕೆರೆದು ತೆಗೆದು, ಚೀಲದಲ್ಲಿದ್ದ ಜಿಪ್ಸಮ್ ಕಲಸಿ, ಅದೇ ಜಾಗಕ್ಕೆ ಹೊಸ ಪಟ್ಟಿ ಬಳಿದೆ. ಹೊಲಿಗೆ ಯಂತ್ರದ ಖಾನೆಯಿಂದ ನೀಲಿ ಪೆನ್ಸಿಲು ತೆಗೆದು ಹಳೇ ತಾರೀಖನ್ನೇ ಬರೆದೆ. ಕೈ ನಡುಗಿದ್ದರೆ ಚೆನ್ನಾಗಿತ್ತು. ನಡುಗಲಿಲ್ಲ, ಒಳ್ಳೇ ಅಚ್ಚುಕಟ್ಟಾಗಿ ಬರೆದೆ.

ಇನ್ನೆರಡು ದಿನದಲ್ಲಿ ಏನಾದರೂ ದಾರಿ ಹುಡುಕುತ್ತೇನೆ, ಯಾರಿಗೂ ತಿಳಿಯದ ಹಾಗೆ ಸರಿ ಮಾಡುತ್ತೇನೆ ಅಂದುಕೊಂಡೆ. ಶುಕ್ರವಾರ ಮತ್ತೆ ಹೋದೆ. ಆ ಪಟ್ಟಿಯೂ ಒಡೆದಿತ್ತು. ಅದನ್ನೂ ತೆಗೆದು ಮತ್ತೊಂದು ಬಳಿದೆ. ಎರಡನೇ ಸಲ ಮೊದಲಿನದಕ್ಕಿಂತ ಬೇಗ ಮುಗಿಯಿತು. ಅಂಗಳದಲ್ಲಿ ಕೈ ತೊಳೆಯುವಾಗ ಬೇಲಿಯಾಚೆಯ ಮುದುಕ ಟೊಪ್ಪಿಗೆ ಎತ್ತಿ, "ಮಗಳಿಗೆ ಎಷ್ಟು ಕಾಳಜಿ ಮೇಸ್ತ್ರಿ ನಿಂಗೆ" ಅಂದ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು.

ಭಾನುವಾರ ಊಟಕ್ಕೆ ಕರೆದಿದ್ದರು. ಯಗೋದಾ ಗಸಗಸೆ ಸುರುಳಿ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡಳು. ದಾರಿಯುದ್ದಕ್ಕೂ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ. ಅಡುಗೆಕೋಣೆಗೆ ಕಾಲಿಟ್ಟರೆ ಜಾಗ ಖಾಲಿ ಖಾಲಿ ಕಂಡಿತು. ಮಂಚ ಇರಲಿಲ್ಲ. ಹೊಲಿಗೆ ಯಂತ್ರ ಇರಲಿಲ್ಲ.

"ಮಂಚ ಎಲ್ಲಿ?" ಅಂದೆ.

"ಮುಂದಿನ ಕೋಣೆಗೆ ಹಾಕಿದ್ವಿ" ಅಂದಳು ದುನ್ಯಾ, ಸೂಪಿಗೆ ಶಾವಿಗೆ ಬಿಡುತ್ತಾ. "ಹತ್ತು ದಿನ ಆಯ್ತಲ್ಲ, ಜಿಪ್ಸಮ್ ಗಟ್ಟಿಯಾಗಿ ನಿಂತಿದೆ. ನಿನ್ನೆ ರಾತ್ರಿ ಅಲ್ಲೇ ಮಲಗಿದ್ವಿ. ಗುರುವಾರ ಒಬ್ಬಳು ಮದುಮಗಳು ಅಳತೆಗೆ ಬರ್ತಾಳೆ, ಅಷ್ಟರಲ್ಲಿ ಕನ್ನಡಿನೂ ಹಾಕ್ಬೇಕು."

"ಮಂಚ ಯಾವ ಕಡೆ ಹಾಕಿದ್ರಿ?"

"ಕಿಟಕಿ ಕೆಳಗೆ. ತಲೆ ಆ ಕಡೆ. ಗಾಳಿ ಬರುತ್ತೆ."

ಲೆಹೆಲ್ ನನಗೆ ರಾಕಿಯಾ ಹಾಕಿ ತನಗೂ ಹಾಕಿಕೊಂಡ. ಅವನು ಯಾವತ್ತೂ ಮಾತು ಹುಡುಕಿ ಆಡುವವನು. "ಮಾವ, ಒಂದು ಮಾತು. ಆ ದಿನ ಹಳದಿ ಕೆಸರು ಸ್ವಲ್ಪ ನಿಮ್ಮ ಬೂಟಿಗೆ ಅಂಟಿತ್ತು. ನೋಡಿ ನಂಗೆ ಅನುಮಾನ ಬಂತು. ಅಜ್ಜಿ ಹತ್ರಾನೂ ಹೇಳಿದ್ದೆ. ಆದರೆ ಮಣ್ಣಾಗಿದ್ರೆ ಜಿಪ್ಸಮ್ ಎರಡು ದಿನಾನೂ ನಿಲ್ತಿರ್ಲಿಲ್ಲ. ನೀವು ಹೇಳಿದ್ದೇ ಸರಿ. ನಾನು ಸುಮ್ನೆ ನಿಮ್ಮನ್ನ ಅನುಮಾನಿಸಿದೆ. ತಪ್ಪಾಯ್ತು." ಲೋಟ ಎತ್ತಿದ.

ಯಗೋದಾ, "ನೋಡು, ಎಂಥಾ ಬಂಗಾರದಂಥ ಅಳಿಯ" ಅಂದಳು.

ಲೋಟ ನನ್ನ ಕೈಯಲ್ಲಿತ್ತು. ಕುಡಿಯಲಾಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ಹಿಂದಿನ ರಾತ್ರಿ ಕಿಟಕಿಯ ಕೆಳಗೆ ತಲೆಯಿಟ್ಟು ಮಲಗಿದ್ದ ಇಬ್ಬರು ಎದುರಿಗೆ ಕೂತು ಸೂಪು ಊದಿ ಊದಿ ಕುಡಿಯುತ್ತಿದ್ದರು. ಮೇಲಿನ ತೊಲೆಗಳು, ಸೂರಿನ ಹೆಂಚು, ಎಲ್ಲದರ ಭಾರವೂ ಆ ಗೋಡೆಯ ಮೇಲಿದೆ. ನಾನು ಎದ್ದೆ.

"ಎಲ್ಲಿಗೆ? ಇನ್ನೂ ಕೋಳಿ ಬಂದಿಲ್ಲ" ಅಂದಳು ದುನ್ಯಾ.

ವ್ಯಾನಿನಿಂದ ಉಳಿ, ಸುತ್ತಿಗೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದೆ. ಮಂಚವನ್ನು ಎರಡೂ ಕೈಯಿಂದ ಎಳೆದು ಕೋಣೆಯ ನಡುವಿಗೆ ನೂಕಿದೆ, ಹಾಸಿಗೆ ಬಟ್ಟೆ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಮೂವರೂ ಬಾಗಿಲಿಗೆ ಬಂದಿದ್ದರು. ಮೊಣಕಾಲಿನ ಹತ್ತಿರ ಉಳಿಯಿಟ್ಟು ನಾಲ್ಕು ಏಟು ಹಾಕಿದೆ. ಗಾರೆ ಒಂದು ಹಾಳೆಯಾಗಿ ಕಳಚಿ ಬಿತ್ತು. ಹಿಂದೆ ಹಳದಿ ಮಣ್ಣು, ಹೊಟ್ಟು, ಒದ್ದೆ ಹೊಳಪು. ಬೆರಳಿಟ್ಟರೆ ಬೆರಳು ಒಳಗೆ ಹೋಯಿತು.

"ಮಣ್ಣು. ಅಡುಗೆಕೋಣೆ ಮಾತ್ರ ಇಟ್ಟಿಗೆ. ನಾನು ತಟ್ಟಿ ನೋಡಿದ್ದು ತಪ್ಪು. ಕೊಯ್ದ ದಿನಾನೇ ಗೊತ್ತಾಯ್ತು, ಹೇಳಲಿಲ್ಲ" ಅಂದೆ.

ಲೆಹೆಲ್ ತಲೆಯೆತ್ತಿ ಬಿರುಕಿನ ಮೇಲಿನ ಪಟ್ಟಿಯನ್ನು ನೋಡಿದ. "ಮತ್ತೆ ಅದು ಹೇಗೆ ನಿಂತಿದೆ?"

"ನಿಂತಿಲ್ಲ. ಎರಡು ಸಲ ಒಡೀತು. ನೀವಿಲ್ದಾಗ ಬಂದು ನಾನೇ ಹೊಸದು ಹಾಕಿ ಹಳೇ ತಾರೀಖು ಬರೆದೆ."

ಯಗೋದಾ ಬಾಯಿಗೆ ಏಪ್ರನ್ನಿನ ತುದಿ ಒತ್ತಿಕೊಂಡಳು. ದುನ್ಯಾ ಹತ್ತಿರ ಬಂದು, ಕುರ್ಚಿಯೇರಿ, ತನ್ನ ಪೆನ್ಸಿಲಿನ ನೀಲಿ ಅಂಕಿಗಳನ್ನು ನೋಡಿದಳು. ಇಳಿದು ಬಂದಳು.

"ಅಪ್ಪ, ಗೋಡೆ ಗೊತ್ತಾಗಲಿಲ್ಲ, ಸರಿ. ಯಾರಿಗಾದ್ರೂ ಆಗುತ್ತೆ. ಈ ತಾರೀಖು ಯಾಕೆ ಬರೆದೆ? ನಾನು ಇದನ್ನ ನೋಡಿ ಮಂಚ ಹಾಕ್ದೆ. ನಿನ್ನನ್ನ ನೋಡಿ ಅಲ್ಲ, ಲೆಹೆಲ್‌ನ ನೋಡಿ ಅಲ್ಲ. ಇದನ್ನ ನೋಡಿ."

ಅಳಿಯನ ಮುಂದೆ ಮಾನ ಹೋಗುತ್ತದೆ ಅಂತ ಅನ್ನುವುದಾದರೂ ಹೇಗೆ, ಅಳಿಯ ಅಲ್ಲೇ ಇದ್ದ. ಆದರೂ ಅದನ್ನೇ ಹೇಳಿದೆ. "ಅವನ ಮುಂದೆ ಸಣ್ಣವನಾಗ್ತೀನಿ ಅಂತ."

ದುನ್ಯಾ ಹೊರಗೆ ಹೋದಳು. ಲೆಹೆಲ್ ಬಯ್ಯುತ್ತಾನೆ ಅಂತ ಕಾದೆ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು, ತಿರುಗಿ ಎರಡು ಮಾತು ಅನ್ನಬಹುದಿತ್ತು. ಅವನು ಬಯ್ಯಲಿಲ್ಲ. ಸೂರಿನ ತೊಲೆಗಳನ್ನು ಒಂದೊಂದಾಗಿ ನೋಡಿ, "ಆಸರೆ ಕಂಬ ಎಷ್ಟಿದೆ ಮಾವ ನಿಮ್ಮ ಹತ್ರ?" ಅಂದ.

"ಎಂಟು."

"ತಗೊಂಬನ್ನಿ. ಊಟ ಆಮೇಲೆ."

ಸಂಜೆಯೊಳಗೆ ಪ್ರತಿ ತೊಲೆಗೂ ಕಂಬ ಕೊಟ್ಟು, ಅಡಿಗೆ ಹಲಗೆ ಇಟ್ಟು, ತಿರುಗಣೆ ಬಿಗಿದೆವು. ಕೋಳಿ ತಣ್ಣಗಾಗಿ ಹಾಗೇ ಉಳಿಯಿತು. ಮಾರನೇ ದಿನ ಲೆಹೆಲ್ ಹೋಗಿ ಏಟೆಲ್ ಅಜ್ಜಿಯನ್ನು ಟ್ಯಾಂಕರಿನಲ್ಲೇ ಕೂರಿಸಿಕೊಂಡು ಬಂದ. ಎಂಬತ್ತಾರು ವರ್ಷ, ಕಪ್ಪು ಸ್ಕಾರ್ಫು, ಬಾಯಲ್ಲಿ ಮೇಲೆ ಎರಡು ಹಲ್ಲು. ಗೋಡೆಯ ಬುಡದ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಕಡೆ ತಿರುಗಿದಳು. "ಇದನ್ನ ಕೊಯ್ದವನು ನೀನೇನಾ?"

"ಹೌದಮ್ಮ."

"ಮನೆ ಬಿದ್ದಿಲ್ಲ. ಅದೃಷ್ಟವಂತ. ಗುದ್ದಲಿ ತಗೋ."

ಅಂದಿನಿಂದ ಏಳು ವಾರ ನಾನು ಆಳು. ಮೇಸ್ತ್ರಿ ಲೆಹೆಲ್, ಅವನ ಮೇಲೆ ಅಜ್ಜಿ. ಅರ್ಧ ಮೀಟರ್ ಅಗಲಕ್ಕೆ ಮಾತ್ರ ಗೋಡೆಯ ಬುಡ ಅಗೆಯುವುದು. ಕೆಳಗೆ ಇಟ್ಟಿಗೆ ಎರಡು ಸಾಲು ಕಟ್ಟಿ, ಅದರ ಮೇಲೆ ದಪ್ಪ ಡಾಂಬರು ಹಾಳೆ ಹಾಸಿ, ಮೇಲೆ ಮತ್ತೆ ಇಟ್ಟಿಗೆ ಕಟ್ಟಿ, ಮಣ್ಣಿನ ಕೆಳಗೆ ಬಿಗಿಯಾಗಿ ತುರುಕುವುದು. ಅದರ ಪಕ್ಕದ್ದನ್ನು ಮುಟ್ಟದೆ ಎರಡು ಮೀಟರ್ ಬಿಟ್ಟು ಮುಂದಿನದಕ್ಕೆ ಹೋಗುವುದು. ಇದು ಗಟ್ಟಿಯಾದ ಮೇಲೆ ನಡುವಿನದಕ್ಕೆ ಬರುವುದು. ಪಕ್ಕದ ತುಂಡಿಗೆ ಬೆಸೆಯಲು ಹಾಳೆಯ ಅಂಚನ್ನು ಒಂದು ಅಂಗೈ ಅಗಲ ಹೊರಗೆ ಬಿಡಬೇಕು. ನಾನು ಒಂದು ಸಲ ಅವಸರದಲ್ಲಿ ಎರಡು ಬೆರಳು ಕಡಿಮೆ ಕತ್ತರಿಸಿದೆ.

"ಮಾವ, ಅಂಗೈ ಅಂದ್ರೆ ನಿಮ್ಮ ಅಂಗೈ. ಮಗುವಿಂದಲ್ಲ" ಅಂದ ಲೆಹೆಲ್. ನಾನು ಆ ಇಟ್ಟಿಗೆಗಳನ್ನು ಬಿಚ್ಚಿ ಮತ್ತೆ ಹಾಸಿದೆ.

ನೆಲದ ವಿಷಯದಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನೆಲದ ಮರದ ಹಲಗೆ ತೆಗೆದಿದ್ದೇವಲ್ಲ, ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟು ಹಾಕಿಬಿಡೋಣ ಅಂದೆ. ಅಜ್ಜಿ ನನ್ನನ್ನು ಹತ್ತಿರ ಕರೆದು, "ನೆಲದ ಬಾಯಿ ಮುಚ್ಚಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಗೋಡೆಗೆ ತಾನೇ?" ಅಂದಳು. ಪ್ಲಾಸ್ಟಿಕ್ ಹಾಸಿ ಕಾಂಕ್ರೀಟು ಸುರಿಯುವವನನ್ನು ಬೈಯುತ್ತಿದ್ದ ನಾನು ಅವನ ಸಾಲಿಗೇ ಸೇರಿದ್ದೆ. ಜಲ್ಲಿ ಹಾಕಿ, ಮೇಲೆ ಹಲಗೆ ಜೋಡಿಸಿ, ಗಾಳಿ ಆಡಲು ನಾಲ್ಕು ಕಿಂಡಿ ಬಿಟ್ಟೆವು.

ದುನ್ಯಾ ಆ ಏಳು ವಾರವೂ ನನಗೆ ಊಟ ಹಾಕಿದಳು, ಕಾಫಿ ಕೊಟ್ಟಳು, ಅಪ್ಪ ಸಾಕಾ ಇನ್ನೂ ಬೇಕಾ ಅಂತ ಕೇಳಿದಳು. ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ. ಗುರುವಾರದ ಮದುಮಗಳ ಅಳತೆಯನ್ನು ಅಡುಗೆಕೋಣೆಯಲ್ಲೇ ತೆಗೆದುಕೊಂಡಳು. ಬಿರುಕಿನ ಮೇಲೆ ಹೊಸ ಪಟ್ಟಿ ಲೆಹೆಲ್ ಬಳಿದ, ತಾರೀಖು ಅವಳು ಬರೆದಳು, ಪೆನ್ಸಿಲನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ನಾನು ಪ್ರತಿದಿನ ಮನೆಗೆ ಹೊರಡುವ ಮೊದಲು ಅವಳು ಫೋನಿನಲ್ಲಿ ಆ ಪಟ್ಟಿಯ ಫೋಟೋ ತೆಗೆಯುತ್ತಿದ್ದಳು. ಮುಚ್ಚಿಟ್ಟು ತೆಗೆಯುತ್ತಿರಲಿಲ್ಲ, ನನ್ನೆದುರಿಗೇ. ಬೆಳಿಗ್ಗೆ ನಾನು ಬಂದ ಕೂಡಲೇ ಇನ್ನೊಂದು. ಬೇಡ ಅನ್ನುವ ಹಕ್ಕು ನನಗಿರಲಿಲ್ಲ.

ಅಕ್ಟೋಬರಿನ ಮಧ್ಯದಲ್ಲಿ ಕೊನೆಯ ತುಂಡು ಕಟ್ಟಿದೆವು. ಹತ್ತು ದಿನ ಬಿಟ್ಟು ಕಂಬಗಳ ತಿರುಗಣೆಯನ್ನು ಒಂದೊಂದೇ ಸುತ್ತು ಸಡಿಲಿಸಿದೆವು. ಮೂರು ದಿನ ಹಿಡಿಯಿತು. ಕೊನೆಯ ಕಂಬ ತೆಗೆದಾಗ ಲೆಹೆಲ್, ನಾನು, ಅಜ್ಜಿ ಮೂವರೂ ಕಿವಿ ನಿಮಿರಿಸಿ ನಿಂತೆವು. ಏನೂ ಸದ್ದಾಗಲಿಲ್ಲ. ಹಳೇ ಪಟ್ಟಿ ಹಾಗೇ ಇತ್ತು. ಆದರೂ ಈಗ ಭಾರ ಹೊಸ ಬುಡದ ಮೇಲೆ ಬಿದ್ದಿದೆ, ಹೊಸ ಪಟ್ಟಿ ಹಾಕಿ ಚಳಿಗಾಲ ಪೂರ್ತಿ ನೋಡಬೇಕು ಅಂದಳು ಅಜ್ಜಿ.

ಲೆಹೆಲ್ ಜಿಪ್ಸಮ್ ಕಲಸಿದ. ಕುರ್ಚಿಯೇರಲು ಹೊರಟವನನ್ನು ದುನ್ಯಾ ತಡೆದಳು. ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು ನನ್ನ ಮುಂದೆ ಹಿಡಿದಳು.

"ನೀನು ಹಾಕು" ಅಂದಳು. "ತಾರೀಖು ನಾನು ಬರೀತೀನಿ."

ನಾನು ಕುರ್ಚಿ ಹತ್ತಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ನೂರು ಪಟ್ಟಿ ಬಳಿದಿದ್ದೇನೋ ಲೆಕ್ಕವಿಲ್ಲ. ಈ ಸಲ ಕೈ ನಡುಗಿತು. ಕರಣೆ ಎರಡು ಸಲ ಜಾರಿ, ಅಂಚು ವಕ್ರವಾಗಿ, ಒಂದಿಷ್ಟು ತೋಳಿನ ಮೇಲೆ ಸುರಿಯಿತು. ಒರೆಸಿ ಸರಿ ಮಾಡಲು ಹೋಗಲಿಲ್ಲ, ಹಾಗೇ ಬಿಟ್ಟೆ. ಅವಳು ಪಕ್ಕದ ಕುರ್ಚಿ ಹತ್ತಿ, ಅದು ಗಟ್ಟಿಯಾಗುವವರೆಗೆ ನನ್ನ ಜೊತೆ ನಿಂತು, ಆಮೇಲೆ ನೀಲಿ ಪೆನ್ಸಿಲಿನಿಂದ ತಾರೀಖು ಬರೆದಳು. ಇಳಿದು ಜೇಬಿನಿಂದ ಫೋನು ತೆಗೆದಳು.

ನನಗೆ ಅಭ್ಯಾಸವಾಗಿತ್ತು. ಫೋಟೋಗೆ ಅಡ್ಡ ಬರಬಾರದು ಅಂತ ಕೈ ಎಳೆದುಕೊಂಡೆ.

"ಕೈ ತೆಗೀಬೇಡ ಅಪ್ಪ. ಅದೂ ಬರಲಿ" ಅಂದಳು ದುನ್ಯಾ.

ಜಿಪ್ಸಮ್ ಮೆತ್ತಿದ ಕೈಯನ್ನು ಪಟ್ಟಿಯ ಪಕ್ಕದಲ್ಲಿ, ತಣ್ಣನೆಯ ಗೋಡೆಯ ಮೇಲೆ ಮತ್ತೆ ಇಟ್ಟೆ. ಅವಳು ಫೋಟೋ ತೆಗೆದಳು. ತೆಗೆದಾಯಿತು ಅಂತ ಅವಳು ಹೇಳುವವರೆಗೂ ನಾನು ಅಲುಗಲಿಲ್ಲ.